ಗಾಮನ ಗೋರಿಯ ಪಕ್ಕದಲ್ಲೊಂದು ಮದುವೆ ಪುಸ್ತಕ

ಫೋರ್ಟ್ ಕೊಚ್ಚಿಯ ಸೇಂಟ್ ಫ್ರಾನ್ಸಿಸ್ ಚರ್ಚಿನೊಳಗೆ ಕಾಲಿಟ್ಟವರು ಮೊದಲು ಹುಡುಕುವುದು ವಾಸ್ಕೊ ಡ ಗಾಮನ ಗೋರಿಯನ್ನು. 1524ರ ಡಿಸೆಂಬರಿನಲ್ಲಿ ಕೊಚ್ಚಿಯಲ್ಲೇ ತೀರಿಕೊಂಡ ಆತನನ್ನು ಇಲ್ಲಿ ಮಣ್ಣು ಮಾಡಿದ್ದು ನಿಜ. ಆದರೆ ಒಂದೂವರೆ ದಶಕ ಕಳೆಯುವುದರೊಳಗೆ ಅವನ ಅವಶೇಷಗಳನ್ನು ಪೋರ್ಚುಗಲ್ಲಿಗೆ ಸಾಗಿಸಿದರು. ಈಗ ಅಲ್ಲಿ ಉಳಿದಿರುವುದು ಬೇಲಿ ಹಾಕಿದ ಖಾಲಿ ಜಾಗ. ಇದೇ ಚರ್ಚಿನಲ್ಲಿ ಸಾವಿರಾರು ಪ್ರವಾಸಿಗರು ಗಮನಿಸದೆ ದಾಟಿಹೋಗುವ, ನನ್ನ ಮಟ್ಟಿಗೆ ಗೋರಿಗಿಂತ ಹೆಚ್ಚು ಬೆಲೆಬಾಳುವ ವಸ್ತು ಇನ್ನೊಂದಿದೆ: 1751ರಿಂದ 1804ರವರೆಗಿನ ದೀಕ್ಷಾಸ್ನಾನ ಮತ್ತು ಮದುವೆಗಳ ದಾಖಲೆ ಪುಸ್ತಕ.

ಕಟ್ಟಡದ ಕಥೆ ಬೇಗ ಹೇಳಿ ಮುಗಿಸಬಹುದು. ಪೋರ್ಚುಗೀಸರು 1503ರಲ್ಲಿ ಮರದಲ್ಲಿ ಕಟ್ಟಿದರು, ಆಮೇಲೆ ಇಟ್ಟಿಗೆ-ಗಾರೆಯಲ್ಲಿ. 1663ರಲ್ಲಿ ಕೋಟೆ ಡಚ್ಚರ ವಶವಾದಾಗ ಇದು ಅವರ ಪ್ರಾಟೆಸ್ಟಂಟ್ ಚರ್ಚಾಯಿತು. 1795ರಲ್ಲಿ ಇಂಗ್ಲಿಷರು ಬಂದರು. 1804ರಲ್ಲಿ ಡಚ್ಚರು ಚರ್ಚನ್ನು ಆಂಗ್ಲಿಕನ್ನರ ಕೈಗೊಪ್ಪಿಸಿದರು. 1923ರಿಂದ ಸಂರಕ್ಷಿತ ಸ್ಮಾರಕ. ಪುಸ್ತಕದ ಕೊನೆಯ ವರ್ಷವೂ ಹಸ್ತಾಂತರದ ವರ್ಷವೂ ಒಂದೇ. ಒಂದು ಸಮುದಾಯದ ಲೆಕ್ಕ ಅಲ್ಲಿಗೆ ನಿಂತಿತು.

ಗೋಡೆಗಳಲ್ಲಿ ಸಾಲಾಗಿ ನಿಂತಿರುವ ಪೋರ್ಚುಗೀಸ್, ಡಚ್ ಗೋರಿಕಲ್ಲುಗಳು ಉಳ್ಳವರವು. ಲಾಂಛನ ಕೆತ್ತಿಸಲು ಹಣವಿದ್ದವರಿಗಷ್ಟೇ ಕಲ್ಲು. ಮದುವೆಯ ಪುಸ್ತಕ ಹಾಗಲ್ಲ. ಚರ್ಚಿನಲ್ಲಿ ಕೈಹಿಡಿದ ಸಿಪಾಯಿಗೂ ಅದರಲ್ಲೊಂದು ಸಾಲು ಇರಲೇಬೇಕು. ಡಚ್ ಕಂಪನಿಯ ಕೆಲಸಕ್ಕೆ ಹಡಗು ಹತ್ತಿದವರಲ್ಲಿ ಜರ್ಮನರೂ ಸ್ಕ್ಯಾಂಡಿನೇವಿಯದವರೂ ಬಹಳ. ಯುರೋಪಿನಿಂದ ಬರುವ ಹೆಣ್ಣುಮಕ್ಕಳು ತೀರಾ ಕಡಿಮೆಯಿದ್ದ ಕಾರಣ ಅವರು ಮದುವೆಯಾಗುತ್ತಿದ್ದದ್ದು ಹೆಚ್ಚಾಗಿ ಇಲ್ಲೇ ಹುಟ್ಟಿದ, ಇಂಡೋ-ಪೋರ್ಚುಗೀಸ್ ಮನೆತನಗಳ ಹುಡುಗಿಯರನ್ನು. ಆ ಹೆಣ್ಣುಮಕ್ಕಳ ಹೆಸರು ಯಾವ ಯುದ್ಧದ ಚರಿತ್ರೆಯಲ್ಲೂ ಸಿಗುವುದಿಲ್ಲ. ನಮ್ಮಲ್ಲಿ ಹೆಳವರು ಮನೆ ಬಾಗಿಲಿಗೆ ಬಂದು ವಂಶಾವಳಿ ಹೇಳುತ್ತಾರಲ್ಲ, ಕೊಚ್ಚಿಯ ಈ ಸಮುದಾಯಕ್ಕೆ ಅಂಥದ್ದೊಂದು ನೆನಪು ಉಳಿದಿರುವುದು ಈ ಹಾಳೆಗಳಲ್ಲೇ.

ಕಡಲತಡಿಯ ತೇವಕ್ಕೆ ಕಾಗದ ಎಷ್ಟು ದಿನ ತಾಳೀತು? 1932ರಲ್ಲಿ ಪುಸ್ತಕವನ್ನು ಇಂಗ್ಲೆಂಡಿಗೆ ಕಳಿಸಿ, ಹಾಳೆಗಳನ್ನು ದುರಸ್ತಿ ಮಾಡಿಸಿ, ಹೊಸದಾಗಿ ರಟ್ಟು ಕಟ್ಟಿಸಿ ತಂದರು. ಆಗ ಆ ಖರ್ಚಿಗೆ ಮನಸ್ಸು ಮಾಡಿದವರಿಗೆ ನಾವು ಕೃತಜ್ಞರಾಗಿರಬೇಕು. ಮೂಲ ಪುಸ್ತಕ ಒಳಕೋಣೆಯಲ್ಲಿದೆ. ನೋಡುವವರಿಗೆ ಅದರ ನಕಲು.

ಡಚ್ಚರ ಬಳಿಕ ಮದುವೆಗಳನ್ನು ಬರೆದಿಡಲು ಇಂಗ್ಲಿಷರು ತಂದ ಪದ್ಧತಿಯ ಬೇರು ಅವರ ಹಳ್ಳಿಗಳಲ್ಲಿತ್ತು. 1538ರಲ್ಲಿ ಅಲ್ಲಿನ ರಾಜಮಂತ್ರಿ ಥಾಮಸ್ ಕ್ರಾಮ್‌ವೆಲ್ ಪ್ರತಿ ಊರಿನ ಚರ್ಚೂ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಬರೆದಿಡಬೇಕೆಂದು ಆಜ್ಞೆ ಮಾಡಿದ. 1754ರಿಂದ ಜಾರಿಗೆ ಬಂದ ಕಾನೂನು ಮದುವೆಗೆ ಪ್ರತ್ಯೇಕ ಪುಸ್ತಕ ಕಡ್ಡಾಯ ಮಾಡಿತು. ಮೂರು ಭಾನುವಾರ ಸಭೆಯ ಮುಂದೆ ಪ್ರಕಟಣೆ ಓದಬೇಕು, ಇಲ್ಲವೇ ಪರವಾನಗಿ ಪಡೆಯಬೇಕು. ವಧೂವರರು, ಇಬ್ಬರು ಸಾಕ್ಷಿಗಳು, ಪಾದ್ರಿ ಎಲ್ಲರೂ ಸಹಿ ಹಾಕಬೇಕು. ಬರೆಯಲು ಬಾರದವರು ಗುಣಿಸು ಚಿಹ್ನೆ ಎಳೆಯುತ್ತಿದ್ದರು. ಇಂಗ್ಲೆಂಡಿನ ಯಾವುದೋ ಕುಗ್ರಾಮದ ಪುಸ್ತಕ ತೆರೆದರೆ ಪುಟಪುಟದಲ್ಲೂ ಆ ಗೀಟುಗಳಿರುತ್ತವೆ. ಹೊಲದಲ್ಲಿ ದುಡಿದವಳೊಬ್ಬಳು ಜೀವಮಾನದಲ್ಲಿ ಲೇಖನಿ ಹಿಡಿದದ್ದು ಆ ಒಂದೇ ಸಲವಿರಬಹುದು.

ಈ ಚರ್ಚಿರುವ ಬ್ರಿಟಿಷ್ ಕೊಚ್ಚಿ ಮದ್ರಾಸ್ ಪ್ರಾಂತ್ಯದ ಮಲಬಾರ್ ಜಿಲ್ಲೆಗೆ ಸೇರಿತ್ತು, ಸುತ್ತ ಕೊಚ್ಚಿ ಮಹಾರಾಜರ ಸೀಮೆ. ಈ ವಿಭಜನೆಯ ಗುರುತು ಮದುವೆಯ ಕಾನೂನಿನಲ್ಲಿ ಈಗಲೂ ಇದೆ. ಭಾರತದ ಕ್ರೈಸ್ತ ವಿವಾಹಗಳಿಗೆ ಅನ್ವಯಿಸುವ 1872ರ ಕಾಯ್ದೆ ಹಿಂದಿನ ತಿರುವಾಂಕೂರು-ಕೊಚ್ಚಿ ರಾಜ್ಯದ ಪ್ರದೇಶವನ್ನು ಹೊರಗಿಟ್ಟಿದೆ. ಮಂಗಳೂರಿನ ಕ್ರೈಸ್ತ ಮದುವೆಗೆ ಇರುವ ಕಾಯ್ದೆ ತಿರುವನಂತಪುರದ ಮದುವೆಗೆ ಇಲ್ಲ.

ತಿರುವನಂತಪುರದ, ಅದೂ ಅಲ್ಲಿನ ಚರ್ಚಿನ ಮದುವೆಗಳ ಮಾತು ಬಂದಾಗ ತುಂಬವನ್ನು ನೆನೆಯದಿರುವುದು ಹೇಗೆ? ಕಾಂತೀಯ ಸಮಭಾಜಕ ವೃತ್ತಕ್ಕೆ ಹತ್ತಿರವಿದ್ದ ಆ ಮೀನುಗಾರರ ಊರನ್ನು ರಾಕೆಟ್ ಉಡಾವಣೆಗೆ ಆರಿಸಿದಾಗ, ವಿಕ್ರಂ ಸಾರಾಭಾಯಿಯವರ ಕೋರಿಕೆಗೆ ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಒಪ್ಪಿದರು. ಊರಿನ ಸೇಂಟ್ ಮೇರಿ ಮ್ಯಾಗ್ದಲೀನ್ ಚರ್ಚು ವಿಜ್ಞಾನಿಗಳ ಕೆಲಸದ ಮನೆಯಾಯಿತು. 1963ರ ನವೆಂಬರ್ 21ರಂದು ಮೊದಲ ರಾಕೆಟ್ ಹಾರಿತು. ಚರ್ಚು ಈಗ ಬಾಹ್ಯಾಕಾಶ ವಸ್ತುಸಂಗ್ರಹಾಲಯ. ಅಲ್ಲಿಗೆ ಹೋದವರು ರಾಕೆಟ್ಟುಗಳ ಮಾದರಿ ನೋಡಿ ಬೆರಗಾಗುತ್ತಾರೆ, ಆಗಲೇಬೇಕು. ಆದರೆ ಅದೇ ಬಲಿಪೀಠದ ಮುಂದೆ ಎಷ್ಟೋ ಬೆಸ್ತರ ಮಕ್ಕಳು ಉಂಗುರ ತೊಡಿಸಿದ್ದರು, ತಾಳಿ ಕಟ್ಟಿದ್ದರು. ಅವರು ಮನೆ ಬಿಟ್ಟು ಪಕ್ಕದಲ್ಲಿ ಹೊಸ ನೆಲೆ, ಹೊಸ ಚರ್ಚು ಕಂಡುಕೊಂಡರು. ನಮ್ಮ ಬಾಹ್ಯಾಕಾಶ ಚರಿತ್ರೆಯ ಮೊದಲ ಪುಟದಲ್ಲಿ ಸಾರಾಭಾಯಿ, ಕಲಾಂ ಜೊತೆಗೆ ಆ ಮನೆತನಗಳ ಹೆಸರೂ ಇರಬೇಕಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಕೊಚ್ಚಿಯ ಡಚ್ ಮೂಲ ಹುಡುಕುವವರಿಗೆ ಸೇಂಟ್ ಫ್ರಾನ್ಸಿಸ್ ಚರ್ಚಿನ ಆ ಒಂದೇ ಪುಸ್ತಕ ಸಾಲದು. ಮಲಬಾರಿನ ಡಚ್ ಕಡತಗಳು ಚೆನ್ನೈನ ತಮಿಳುನಾಡು ಪತ್ರಾಗಾರದಲ್ಲಿವೆ, ಕಂಪನಿಯ ದಾಖಲೆಗಳು ಹೇಗ್ ನಗರದಲ್ಲಿ. ಇಂಗ್ಲಿಷರ ಕಾಲದ ಮದುವೆಗಳಾದರೆ ಮದ್ರಾಸ್ ಪ್ರಾಂತ್ಯದ ಚರ್ಚುಗಳಿಂದ ವರ್ಷವರ್ಷ ಹೋದ ನಕಲುಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಸುಮ್ಮನೆ ನೋಡಲು ಹೋಗುವವರು ಗಾಮನ ಗೋರಿಯ ಮುಂದೆ ಫೋಟೊ ತೆಗೆಸಿಕೊಂಡ ಮೇಲೆ ಆ ಪುಸ್ತಕದ ನಕಲು ಎಲ್ಲಿದೆ ಎಂದು ಚರ್ಚಿನವರನ್ನು ಕೇಳಿ. ಡಚ್ ಓದಲು ಬಾರದಿದ್ದರೂ ಹೆಸರುಗಳನ್ನು ಗುರುತಿಸಬಹುದು.