ಚಹಾ ನಮ್ಮದು, ನಾಲಗೆ ದೂರದ್ದು

ಊಟಿಯ ಚಳಿಗೆ ನಾವು ಚಹಾ ಕುಡಿಯುವುದು ಮೈ ಬೆಚ್ಚಗಾಗಲೆಂದು. ಪಕ್ಕದ ಕೂನೂರಿನ ಹರಾಜಿನಲ್ಲಿ ಗುಟುಕಿನ ಮೇಲೆಯೇ ಬೆಲೆ. ಹರಾಜಿಗೆ ಮುನ್ನ ಪುಡಿಯ ಮಾದರಿ ಪೊಟ್ಟಣಗಳು ದೂರದ ಖರೀದಿದಾರರಿಗೂ ಹೋಗುತ್ತವೆ. ಅವರು ತಮ್ಮ ಊರಲ್ಲೇ ರುಚಿ ನೋಡುತ್ತಾರೆ. 2003ರಲ್ಲಿ ಟೀಸರ್ವ್ ಸಂಸ್ಥೆ ಹರಾಜನ್ನು ಕಂಪ್ಯೂಟರಿಗೆ ತಂದ ಮೇಲೆ ಸವಾಲು ಕೂಗಲೂ ಕೂನೂರಿಗೆ ಬರಬೇಕಿಲ್ಲ. ನಾಲಗೆಗೆ ಮಾತ್ರ ಇನ್ನೂ ಕಂಪ್ಯೂಟರ್ ಸಾಲದು!

ಅದಕ್ಕೇ ಅಳತೆಯ ಕಟ್ಟುನಿಟ್ಟು. ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 3103ರಂತೆ 100 ಮಿ.ಲೀ. ಕುದಿನೀರಿಗೆ 2 ಗ್ರಾಂ ಪುಡಿ, 6 ನಿಮಿಷ. ಆದರೆ ನೀರು ಊರಿಂದೂರಿಗೆ ಬೇರೆ. ಗಡಸು ನೀರಿನಲ್ಲಿ ಚಹಾ ಮಂಕಾಗಿ ಮೇಲೆ ಪೊರೆ ಕಟ್ಟುತ್ತದೆ. ಮನೆಯಲ್ಲೇ ಮಾಡಿ ನೋಡಬಹುದು. ಆ ಮಂಕನ್ನು ಎಲೆಯ ದೋಷವೆಂದು ಬರೆದುಬಿಟ್ಟರೆ? ನಮ್ಮ ಸಣ್ಣ ಬೆಳೆಗಾರರ ಹಸಿರೆಲೆಯ ದರ ನಿಂತಿರುವುದು ಹರಾಜಿನ ಬೆಲೆಯ ಮೇಲೆಯೇ.