ತೊಟ್ಟಿಲು ತೂಗುವವರು ಯಾರು?

ನವೆಂಬರ್ ಬಂತೆಂದರೆ ಘಟಪ್ರಭೆಯ ಎರಡೂ ದಂಡೆಗಳಲ್ಲಿ ಕಬ್ಬಿನ ಹಂಗಾಮು. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ರಸ್ತೆ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರುಗಳು. ಅತ್ತ ಹೊಲದ ಬದುವಿನಲ್ಲಿ, ಗಿಡದ ಟೊಂಗೆಗೆ ಕಟ್ಟಿದ ಹಳೆ ಸೀರೆಯ ಜೋಳಿಗೆಯಲ್ಲಿ ಕೂಸು ಮಲಗಿರುತ್ತದೆ. ಜೋಳಿಗೆ ತೂಗುವವಳು ತಾಯಿಯಲ್ಲ, ಎಂಟೊಂಬತ್ತು ವರ್ಷದ ಅಕ್ಕ. ಅದು ಶಾಲೆಯಲ್ಲಿ ಹಾಜರಿ ಕೂಗುವ ಹೊತ್ತು!

ಮನೆಯಲ್ಲಿ ಮಗು ಹುಟ್ಟಿದರೆ ಯಾರದಾದರೂ ಒಬ್ಬರ ಕೆಲಸ ಬದಲಾಗಲೇಬೇಕು. ಯಾರದು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ತಂದೆ-ತಾಯಿ ಮಾಡುವ ಉದ್ಯೋಗ.

ಈ ಸೀಮೆಗೆ ಕಾರ್ಖಾನೆಯ ದುಡಿಮೆ ಹೊಸದೇನಲ್ಲ. ಗೋಕಾಕ ಜಲಪಾತದ ಬಳಿ ಹತ್ತಿಯ ಗಿರಣಿ 1887ರಲ್ಲೇ ಶುರುವಾಯಿತು. ಆಗ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹೆರಿಗೆಯಾದ ಕಾರ್ಮಿಕ ಮಹಿಳೆಗೆ ರಜೆಯ ಜೊತೆಗೆ ಹಣವನ್ನೂ ಕೊಡಬೇಕೆಂಬ ಮಸೂದೆ 1928ರಲ್ಲಿ ಆ ಪ್ರಾಂತದ ಶಾಸನಸಭೆಯ ಮುಂದೆ ಬಂದಾಗ ಬೆಂಬಲಿಸಿ ಮಾತನಾಡಿದವರಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಒಬ್ಬರು. ತಾಯಿಗೆ ವಿಶ್ರಾಂತಿ ಸಿಗುವುದು ರಾಷ್ಟ್ರದ ಹಿತವೇ ಎಂಬುದು ಅವರ ವಾದ. ಮರುವರ್ಷ ಮಸೂದೆ ಕಾಯಿದೆಯಾಯಿತು. 1961ರ ಕೇಂದ್ರ ಕಾಯಿದೆ 12 ವಾರಗಳ ವೇತನಸಹಿತ ರಜೆ ಕೊಟ್ಟಿತು. 2017ರ ತಿದ್ದುಪಡಿ ಅದನ್ನು ಮೊದಲ ಎರಡು ಮಕ್ಕಳ ಮಟ್ಟಿಗೆ 26 ವಾರಕ್ಕೆ ಏರಿಸಿತು.

ಹೀಗಾಗಿ ಸಂಬಳದ ನೌಕರಿಯ ತಾಯಿಗೆ ಉಸಿರಾಡಲು ಅವಕಾಶವಿದೆ. ಸರ್ಕಾರಿ ಶಾಲೆಯ ಶಿಕ್ಷಕಿ 180 ದಿನ ರಜೆ ಪಡೆದು, ತವರಿನಲ್ಲಿ ಅಂಟಿನ ಉಂಡಿ ತಿಂದು, ಬಾಣಂತನ ಮುಗಿಸಿಕೊಂಡು ನೌಕರಿಗೆ ಮರಳಬಹುದು. 2021ರಲ್ಲಿ ರಾಜ್ಯ ಸರ್ಕಾರ ತನ್ನ ಮಹಿಳಾ ನೌಕರರಿಗೆ ಮತ್ತೆ 180 ದಿನಗಳ ಶಿಶುಪಾಲನಾ ರಜೆಯನ್ನೂ ಮಂಜೂರು ಮಾಡಿತು. ತಂದೆ ಸರ್ಕಾರಿ ನೌಕರನಾದರೆ 15 ದಿನ ರಜೆ. ಖಾಸಗಿ ನೌಕರನಾದರೆ ಮಾಲೀಕರ ಮರ್ಜಿ. ರಜೆ ಮುಗಿದ ಮೇಲೆ ಊರಿನಿಂದ ಅಜ್ಜಿ ಬರುತ್ತಾಳೆ, ಎಮ್ಮೆ-ಕರುವನ್ನು ನೆರೆಯವರಿಗೆ ಒಪ್ಪಿಸಿ. ಅವಳ ಕೆಲಸವೂ ಬದಲಾಯಿತಲ್ಲ? ಅದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕಬ್ಬಿನ ಹೊಲದ ಲೆಕ್ಕವೇ ಬೇರೆ. ಮಹಾರಾಷ್ಟ್ರದ ಬೀಡ ಕಡೆಯಿಂದ ಕಬ್ಬು ಕಡಿಯಲು ಬರುವ ಗ್ಯಾಂಗುಗಳಲ್ಲಿ ಗಂಡ-ಹೆಂಡತಿ ಸೇರಿದರೆ ಒಂದು 'ಕೋಯ್ತಾ'. ಅಂದರೆ ಕಬ್ಬು ಕಡಿಯುವ ಕುಡುಗೋಲು. ಇಬ್ಬರು ಮನುಷ್ಯರಿಗೆ ಒಂದು ಕುಡುಗೋಲಿನ ಹೆಸರು! ಹಂಗಾಮಿಗೆ ಮುಂಚೆಯೇ ಮುಕಾದಮನಿಂದ ಮುಂಗಡ ಪಡೆದಿರುತ್ತಾರೆ. ಅದನ್ನು ಟನ್ನಿನ ಲೆಕ್ಕದಲ್ಲಿ ದುಡಿದು ತೀರಿಸಬೇಕು. ಅಪ್ಪ ಕಡಿಯುತ್ತಾನೆ. ಅವ್ವ ರವದಿ ಸುಲಿದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಟ್ರ್ಯಾಕ್ಟರಿಗೆ ಒಯ್ಯುತ್ತಾಳೆ. ಅವಳು ಕೂತರೆ ಕೋಯ್ತಾ ಅರ್ಧವಾಗುತ್ತದೆ, ಸಾಲ ಉಳಿಯುತ್ತದೆ. ಇಲ್ಲಿ ತಾಯಿಯ ಕೆಲಸವೂ ತಂದೆಯ ಕೆಲಸವೂ ಬದಲಾಗುವಂತಿಲ್ಲ. ಅಜ್ಜಿ ದೂರದ ಊರಿನಲ್ಲಿ. ಉಳಿದವಳು ಅಕ್ಕ.

ಶಾಲೆಯ ಬಾಗಿಲು ಮುಚ್ಚಿದೆಯೆಂದಲ್ಲ. ವರ್ಷದ ನಡುವೆ ಬಂದ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯಿದೆ ಹೇಳುತ್ತದೆ. ಕಂಕುಳಲ್ಲಿ ತಮ್ಮನನ್ನು ಎತ್ತಿಕೊಂಡು ತರಗತಿಯಲ್ಲಿ ಕೂರುವುದು ಹೇಗೆಂದು ಅದು ಹೇಳುವುದಿಲ್ಲ. ಕೂಲಿ ತಾಯಂದಿರ ಪುಟ್ಟ ಮಕ್ಕಳಿಗಾಗಿ 4000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವ ಯೋಜನೆಯನ್ನು ರಾಜ್ಯ ಸರ್ಕಾರ 2023ರಲ್ಲಿ ಪ್ರಕಟಿಸಿತು. ಒಳ್ಳೆಯ ಯೋಚನೆಯೇ. ಆದರೆ ಕೂಸಿನ ಮನೆ ಇದ್ದಲ್ಲೇ ಇರುತ್ತದೆ, ಗ್ಯಾಂಗು ಈ ವಾರ ಒಂದು ಊರಿನ ಹೊಲದಲ್ಲಿದ್ದರೆ ಬರುವ ವಾರ ಇನ್ನೊಂದರಲ್ಲಿ. ಕಬ್ಬು ಎಲ್ಲಿದೆಯೋ ಗುಡಿಸಲೂ ಅಲ್ಲಿಗೆ.

ಹಂಗಾಮು ಮುಗಿಯುವ ಹೊತ್ತಿಗೆ ಮಾರ್ಚ್ ಬಂದಿರುತ್ತದೆ. ಶಾಲೆಗಳಲ್ಲಿ ವಾರ್ಷಿಕ ಪರೀಕ್ಷೆಯೂ ಆಗಲೇ.