ಮಲ್ಟಿಪಲ್ ಸ್ಕ್ಲೆರೋಸಿಸ್‌ನಿಂದ ಉಂಟಾಗುವ ದೃಷ್ಟಿದೋಷಗಳು: ಮೈಸೂರು ನಗರದ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂ.ಎಸ್.) ನರಮಂಡಲಕ್ಕೆ ಸಂಬಂಧಿಸಿದ ದೀರ್ಘಕಾಲಿಕ ಕಾಯಿಲೆಯಾಗಿದ್ದು, ಸಾಮಾನ್ಯವಾಗಿ 20ರಿಂದ 40 ವರ್ಷದೊಳಗಿನವರಲ್ಲಿ ಕಾಣಿಸಿಕೊಳ್ಳುತ್ತದೆ. ಪುರುಷರಿಗಿಂತ ಮಹಿಳೆಯರಲ್ಲಿ ಇದು ಹೆಚ್ಚು. ಅನೇಕರಲ್ಲಿ ಈ ಕಾಯಿಲೆಯ ಮೊದಲ ಲಕ್ಷಣವೇ ಕಣ್ಣಿನ ತೊಂದರೆಯಾಗಿರುತ್ತದೆ. ಹೊರನೋಟಕ್ಕೆ ಕಣ್ಣು ಸಹಜವಾಗಿಯೇ ಕಾಣುವುದರಿಂದ ಕುಟುಂಬದವರಿಗೂ ಉದ್ಯೋಗದಾತರಿಗೂ, ಕೆಲವೊಮ್ಮೆ ಪ್ರಮಾಣ ಪತ್ರ ನೀಡುವ ಹಂತದಲ್ಲಿಯೂ, ಈ ತೊಂದರೆಯನ್ನು ಮನವರಿಕೆ ಮಾಡಿಕೊಡುವುದು ಕಷ್ಟವಾಗುತ್ತದೆ. ಕಾಯಿಲೆಯ ಸ್ವರೂಪ, ವಿಕಲತೆಯ ಪ್ರಮಾಣ ಪತ್ರ ಪಡೆಯುವ ವಿಧಾನ ಹಾಗೂ ದೈನಂದಿನ ಜೀವನದಲ್ಲಿ ಅನುಸರಿಸಬಹುದಾದ ಕ್ರಮಗಳನ್ನು ಅರ್ಜಿದಾರರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

2. ಕಾಯಿಲೆಯ ಸ್ವರೂಪ

ಮಿದುಳು, ಬೆನ್ನುಹುರಿ ಹಾಗೂ ಕಣ್ಣಿನ ನರದ ತಂತುಗಳ ಸುತ್ತ ಮೈಲಿನ್ ಎಂಬ ಕೊಬ್ಬಿನಂಶದ ಹೊದಿಕೆ ಇರುತ್ತದೆ. ವಿದ್ಯುತ್ ತಂತಿಯ ಮೇಲಿನ ಹೊದಿಕೆಯಂತೆ ಇದು ನರಸಂದೇಶಗಳು ವೇಗವಾಗಿ ಸಾಗಲು ನೆರವಾಗುತ್ತದೆ. ಎಂ.ಎಸ್. ಕಾಯಿಲೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಈ ಹೊದಿಕೆಯ ಮೇಲೆ ದಾಳಿ ನಡೆಸುತ್ತದೆ. ಹೊದಿಕೆ ಹಾಳಾದ ಕಡೆ ಸಂದೇಶಗಳು ನಿಧಾನವಾಗುತ್ತವೆ ಅಥವಾ ನಿಂತುಹೋಗುತ್ತವೆ. ಈ ಕಾಯಿಲೆಯನ್ನು ಪ್ರತ್ಯೇಕ ರೋಗವೆಂದು 1868ರಲ್ಲಿ ಸ್ಪಷ್ಟವಾಗಿ ನಿರೂಪಿಸಿದವರು ಫ್ರಾನ್ಸಿನ ವೈದ್ಯ ಜೀನ್ ಮಾರ್ಟಿನ್ ಶಾರ್ಕೊ. ಇದು ಸಾಂಕ್ರಾಮಿಕ ರೋಗವಲ್ಲ. ಕನ್ನಡಕ ಬದಲಾಯಿಸುವುದರಿಂದ ಅಥವಾ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಿಂದ ಇದು ಗುಣವಾಗುವುದಿಲ್ಲ. ಏಕೆಂದರೆ ದೋಷವಿರುವುದು ಕಣ್ಣುಗುಡ್ಡೆಯಲ್ಲಲ್ಲ, ಕಂಡದ್ದನ್ನು ಮಿದುಳಿಗೆ ತಲುಪಿಸುವ ನರದಲ್ಲಿ.

3. ದೃಷ್ಟಿಯ ಮೇಲಾಗುವ ಪರಿಣಾಮಗಳು

(ಅ) ಕಣ್ಣಿನ ನರದ ಉರಿಯೂತ: ಸಾಮಾನ್ಯವಾಗಿ ಒಂದು ಕಣ್ಣಿನಲ್ಲಿ ಕೆಲವು ಗಂಟೆಗಳಿಂದ ಕೆಲವು ದಿನಗಳ ಅವಧಿಯಲ್ಲಿ ದೃಷ್ಟಿ ಮಂಜಾಗುತ್ತದೆ. ಕಣ್ಣನ್ನು ಹೊರಳಿಸಿದಾಗ ನೋವು ಕಾಣಿಸುತ್ತದೆ. ಬಣ್ಣಗಳು, ವಿಶೇಷವಾಗಿ ಕೆಂಪು, ಮಾಸಿದಂತೆ ತೋರುತ್ತವೆ. ಕುಂಕುಮದ ಭರಣಿಯನ್ನು ಒಂದೊಂದೇ ಕಣ್ಣಿನಿಂದ ನೋಡಿದಾಗ ಒಂದು ಕಣ್ಣಿಗೆ ಕಡುಗೆಂಪಾಗಿಯೂ ಇನ್ನೊಂದಕ್ಕೆ ತಿಳಿಯಾಗಿಯೂ ಕಂಡರೆ ಅದನ್ನು ಕಡೆಗಣಿಸದೆ ವೈದ್ಯರಿಗೆ ತಿಳಿಸತಕ್ಕದ್ದು. ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ದೃಷ್ಟಿ ಸುಧಾರಿಸಲಾರಂಭಿಸುತ್ತದೆ. ಆದರೆ ಅಕ್ಷರ ಫಲಕವನ್ನು ಸರಿಯಾಗಿ ಓದುವವರಲ್ಲಿಯೂ ಬಣ್ಣಗಳ ತಿಳಿವು ಹಾಗೂ ಮಬ್ಬು ಬೆಳಕಿನಲ್ಲಿ ವಸ್ತುಗಳನ್ನು ಬೇರ್ಪಡಿಸಿ ನೋಡುವ ಶಕ್ತಿ ಕುಂದಿರಬಹುದು.

(ಆ) ಎರಡೆರಡಾಗಿ ಕಾಣುವುದು: ಎರಡೂ ಕಣ್ಣುಗಳ ಚಲನೆಯನ್ನು ಹೊಂದಿಸುವ ಮಿದುಳಿನ ಭಾಗಕ್ಕೆ ಹಾನಿಯಾದಾಗ ಒಂದೇ ವಸ್ತು ಎರಡಾಗಿ ಕಾಣುತ್ತದೆ. ಒಂದು ಕಣ್ಣನ್ನು ಮುಚ್ಚಿಕೊಂಡರೆ ಈ ತೊಂದರೆ ಮಾಯವಾಗುತ್ತದೆ.

(ಇ) ಕಣ್ಣಿನ ಅದುರುವಿಕೆ: ಕಣ್ಣುಗಳು ತಾವಾಗಿಯೇ ಅತ್ತಿತ್ತ ಅದುರುತ್ತವೆ. ಸ್ಥಿರವಾದ ವಸ್ತುಗಳೂ ತೂಗಾಡುವಂತೆ ಕಂಡು ತಲೆಸುತ್ತು, ವಾಕರಿಕೆ ಉಂಟಾಗಬಹುದು.

(ಈ) ಬಿಸಿಯಿಂದ ದೃಷ್ಟಿ ಮಂಜಾಗುವುದು: ದೇಹದ ಉಷ್ಣತೆ ಏರಿದಾಗ ಹಾನಿಗೊಂಡ ನರದ ಸಂದೇಶವಹನ ಇನ್ನಷ್ಟು ಕುಗ್ಗುತ್ತದೆ. 1890ರಲ್ಲಿ ಜರ್ಮನಿಯ ನೇತ್ರವೈದ್ಯ ವಿಲ್ಹೆಲ್ಮ್ ಊಟ್‌ಹೋಫ್ ಇದನ್ನು ವಿವರಿಸಿದುದರಿಂದ ಇದಕ್ಕೆ ಅವರ ಹೆಸರೇ ಇದೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದಾಗ, ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಸರದಿಯ ಸಾಲಿನಲ್ಲಿ ನಿಂತಾಗ, ಹಂಡೆಯ ಬಿಸಿನೀರಿನಲ್ಲಿ ಎಣ್ಣೆಸ್ನಾನ ಮಾಡಿದಾಗ ಅಥವಾ ಜ್ವರ ಬಂದಾಗ ಕಣ್ಣು ಮಂಜಾಗಿ, ಮೈ ತಣಿದ ನಂತರ ಮೊದಲಿನಂತಾಗುವುದು ಇದರ ಲಕ್ಷಣ. ಇದು ಕಾಯಿಲೆಯ ಹೊಸ ದಾಳಿಯಲ್ಲ. ಆದರೆ ತಣಿದ ನಂತರವೂ ತೊಂದರೆ ಒಂದು ದಿನಕ್ಕಿಂತ ಹೆಚ್ಚು ಕಾಲ ಮುಂದುವರಿದರೆ ವೈದ್ಯರನ್ನು ಕಾಣತಕ್ಕದ್ದು.

4. ತಪಾಸಣೆ ಮತ್ತು ಚಿಕಿತ್ಸೆ

ಹಠಾತ್ತನೆ ದೃಷ್ಟಿ ಕುಂದಿದವರು ವಿಳಂಬ ಮಾಡದೆ ನೇತ್ರತಜ್ಞರನ್ನೂ ಅವರ ಸಲಹೆಯಂತೆ ನರರೋಗ ತಜ್ಞರನ್ನೂ ಕಾಣುವುದು ಅವಶ್ಯಕ. ಮೈಸೂರಿನಲ್ಲಿ ಮೈಸೂರು ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಸಂಸ್ಥೆಗೆ ಸೇರಿದ ಕೃಷ್ಣರಾಜೇಂದ್ರ (ಕೆ.ಆರ್.) ಆಸ್ಪತ್ರೆಯಲ್ಲಿ ಮೊದಲ ತಪಾಸಣೆ ಪಡೆಯಬಹುದು. ಹೆಚ್ಚಿನ ತಪಾಸಣೆಗಾಗಿ ಬೆಂಗಳೂರಿನ ನಿಮ್ಹಾನ್ಸ್ ಹಾಗೂ ಮಿಂಟೊ ಕಣ್ಣಿನ ಆಸ್ಪತ್ರೆಗಳಿಗೆ ಶಿಫಾರಸು ಪಡೆಯಬಹುದು.

ದೃಷ್ಟಿಯ ತೀಕ್ಷ್ಣತೆ, ಬಣ್ಣದೃಷ್ಟಿ ಹಾಗೂ ದೃಷ್ಟಿಕ್ಷೇತ್ರದ ಪರೀಕ್ಷೆ, ಎಂ.ಆರ್.ಐ. ಮತ್ತು ಕಣ್ಣಿನಿಂದ ಮಿದುಳಿಗೆ ಸಂದೇಶ ತಲುಪುವ ವೇಗವನ್ನು ಅಳೆಯುವ ವಿ.ಇ.ಪಿ. ಪರೀಕ್ಷೆಗಳನ್ನು ಅಗತ್ಯಕ್ಕೆ ತಕ್ಕಂತೆ ನಡೆಸಲಾಗುತ್ತದೆ. ಕಣ್ಣಿನ ನರದ ಉರಿಯೂತ ಬಂದವರೆಲ್ಲರಿಗೂ ಎಂ.ಎಸ್. ಬರುವುದಿಲ್ಲ. ಅಮೆರಿಕದಲ್ಲಿ ನಡೆದ ದೀರ್ಘಾವಧಿಯ ಅಧ್ಯಯನವೊಂದರಲ್ಲಿ ಇಂತಹವರ ಪೈಕಿ ಸುಮಾರು ಅರ್ಧದಷ್ಟು ಜನರಿಗೆ 15 ವರ್ಷಗಳೊಳಗೆ ಎಂ.ಎಸ್. ಕಾಣಿಸಿಕೊಂಡಿತು, ಆರಂಭದಲ್ಲಿ ಎಂ.ಆರ್.ಐ. ಸಹಜವಾಗಿದ್ದವರಲ್ಲಿ ಈ ಪ್ರಮಾಣ ಶೇ. 25 ಮಾತ್ರ.

ಇದೇ ಅಧ್ಯಯನದ 1992ರ ವರದಿಯಂತೆ, ರಕ್ತನಾಳದ ಮೂಲಕ ನೀಡುವ ಮೀಥೈಲ್‌ಪ್ರೆಡ್ನಿಸಲೋನ್ ದೃಷ್ಟಿ ಬೇಗ ಮರಳಲು ಸಹಾಯಕವಾಗುತ್ತದೆ. ಆದರೆ ಕೊನೆಯಲ್ಲಿ ಉಳಿಯುವ ದೃಷ್ಟಿಯ ಮಟ್ಟದಲ್ಲಿ ಹೆಚ್ಚಿನ ವ್ಯತ್ಯಾಸ ಕಂಡುಬರಲಿಲ್ಲ. ಸಾಮಾನ್ಯ ಪ್ರಮಾಣದ ಸ್ಟೀರಾಯ್ಡ್ ಮಾತ್ರೆಗಳನ್ನಷ್ಟೇ ಸೇವಿಸಿದವರಲ್ಲಿ ಉರಿಯೂತ ಮರುಕಳಿಸುವುದು ಹೆಚ್ಚಾಗಿತ್ತು. ಆದ್ದರಿಂದ ಔಷಧಿ ಅಂಗಡಿಯಲ್ಲಿ ಕೇಳಿ ಸ್ಟೀರಾಯ್ಡ್ ಮಾತ್ರೆಗಳನ್ನು ಸೇವಿಸುವುದು ಅಥವಾ ವೈದ್ಯರು ನೀಡಿದ ಸ್ಟೀರಾಯ್ಡನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸುವುದು ಸಲ್ಲದು. ಮುಂದಿನ ದಾಳಿಗಳನ್ನು ಕಡಿಮೆ ಮಾಡುವ ಔಷಧಿಗಳು ಪ್ರತ್ಯೇಕವಾಗಿವೆ. ಅವುಗಳಲ್ಲಿ ಫಿಂಗೊಲಿಮೋಡ್ ಎಂಬ ಮಾತ್ರೆಯಿಂದ ಅಪರೂಪವಾಗಿ ಅಕ್ಷಿಪಟಲದ ಮಧ್ಯಭಾಗದಲ್ಲಿ ಊತ ಬರುವ ಸಾಧ್ಯತೆ ಇರುವುದರಿಂದ, ಅದನ್ನು ಸೇವಿಸುವವರು ಕಣ್ಣಿನ ತಪಾಸಣೆಯನ್ನು ತಪ್ಪಿಸಬಾರದು.

ಎಂ.ಎಸ್. ಅನ್ನು ಹೋಲುವ ನ್ಯೂರೋಮೈಲೈಟಿಸ್ ಆಪ್ಟಿಕಾ ಎಂಬ ಇನ್ನೊಂದು ಕಾಯಿಲೆಯಲ್ಲಿ ಕಣ್ಣಿನ ನರಕ್ಕೆ ತೀವ್ರ ಹಾನಿಯಾಗುತ್ತದೆ. ಎಂ.ಎಸ್.ಗೆ ನೀಡುವ ಕೆಲವು ಔಷಧಿಗಳಿಂದ ಈ ಕಾಯಿಲೆ ಉಲ್ಬಣಿಸಬಹುದಾದ ಕಾರಣ, ವೈದ್ಯರು ಸೂಚಿಸಿದಲ್ಲಿ ಪ್ರತಿಕಾಯಗಳ ರಕ್ತಪರೀಕ್ಷೆಯನ್ನು ಮಾಡಿಸಿಕೊಳ್ಳತಕ್ಕದ್ದು.

5. ಕಾನೂನಿನಲ್ಲಿ ಮಾನ್ಯತೆ

1995ರ ಅಂಗವಿಕಲರ ಅಧಿನಿಯಮದಲ್ಲಿ 7 ವಿಧದ ವಿಕಲತೆಗಳನ್ನು ಮಾತ್ರ ಪಟ್ಟಿಮಾಡಲಾಗಿತ್ತು, ಎಂ.ಎಸ್. ಅವುಗಳಲ್ಲಿ ಸೇರಿರಲಿಲ್ಲ. ದಿನಾಂಕ 19-04-2017ರಿಂದ ಜಾರಿಗೆ ಬಂದ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರಲ್ಲಿ ವಿಕಲತೆಗಳ ಸಂಖ್ಯೆ 21ಕ್ಕೆ ಏರಿದ್ದು, ದೀರ್ಘಕಾಲಿಕ ನರಸಂಬಂಧಿ ಕಾಯಿಲೆಗಳ ಅಡಿಯಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನು ಹೆಸರಿಸಿ ಸೇರಿಸಲಾಗಿದೆ. ಸದರಿ ಅಧಿನಿಯಮದಂತೆ ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವಿಕಲತೆಯುಳ್ಳವರು ಮೀಸಲಾತಿ ಮುಂತಾದ ನಿರ್ದಿಷ್ಟ ಸೌಲಭ್ಯಗಳಿಗೆ ಅರ್ಹರಾಗುತ್ತಾರೆ.

ಅರ್ಜಿದಾರರು ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸತಕ್ಕದ್ದು. ಸರ್ಕಾರಿ ಹುದ್ದೆಗಳ ಮೀಸಲಾತಿಗೆ ಸಂಬಂಧಿಸಿದ 34ನೇ ಪ್ರಕರಣದಲ್ಲಿ ಅಂಧತ್ವ ಮತ್ತು ಮಂದದೃಷ್ಟಿ, ಶ್ರವಣದೋಷ, ಚಲನವಲನ ವಿಕಲತೆ ಮುಂತಾದ ಗುಂಪುಗಳಿವೆ, ಎಂ.ಎಸ್. ಎಂಬ ಹೆಸರಿನ ಪ್ರತ್ಯೇಕ ಗುಂಪು ಇಲ್ಲ. ಆದುದರಿಂದ ಎಂ.ಎಸ್.ನಿಂದ ದೃಷ್ಟಿ ಕುಂದಿರುವವರು ತಮ್ಮ ದೃಷ್ಟಿದೋಷವನ್ನು ಪ್ರತ್ಯೇಕವಾಗಿ ಅಳೆದು, ಅನ್ವಯವಾಗುವಲ್ಲಿ ಮಂದದೃಷ್ಟಿ ಅಥವಾ ಅಂಧತ್ವ ಎಂದು ಪ್ರಮಾಣ ಪತ್ರದಲ್ಲಿ ನಮೂದಿಸುವಂತೆ ಕೋರುವುದು ಸೂಕ್ತ.

6. ದೃಷ್ಟಿದೋಷದ ಶೇಕಡಾವಾರು ನಿರ್ಧಾರ

ಕೇಂದ್ರ ಸರ್ಕಾರವು 2018ರ ಜನವರಿಯಲ್ಲಿ ಪ್ರಕಟಿಸಿ 2024ರ ಮಾರ್ಚ್‌ನಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಗಳಂತೆ ವಿಕಲತೆಯ ಪ್ರಮಾಣವನ್ನು ನಿರ್ಧರಿಸಲಾಗುತ್ತದೆ. ಮುಖ್ಯಾಂಶಗಳು ಇಂತಿವೆ:

(1) ಕನ್ನಡಕ ಮುಂತಾದ ಅತ್ಯುತ್ತಮ ಸರಿಪಡಿಕೆಯ ನಂತರವೂ ಉತ್ತಮ ಕಣ್ಣಿನ ದೃಷ್ಟಿ 6/18ಕ್ಕಿಂತ ಕಡಿಮೆಯಿದ್ದು 3/60ರವರೆಗೆ ಇದ್ದಲ್ಲಿ, ಅಥವಾ ದೃಷ್ಟಿಕ್ಷೇತ್ರ 40 ಡಿಗ್ರಿಗಿಂತ ಕಡಿಮೆಯಿದ್ದು 10 ಡಿಗ್ರಿಯವರೆಗೆ ಇದ್ದಲ್ಲಿ ಅದು ಮಂದದೃಷ್ಟಿ.

(2) ಉತ್ತಮ ಕಣ್ಣಿನ ದೃಷ್ಟಿ 3/60ಕ್ಕಿಂತ ಕಡಿಮೆ ಅಥವಾ ದೃಷ್ಟಿಕ್ಷೇತ್ರ 10 ಡಿಗ್ರಿಗಿಂತ ಕಡಿಮೆ ಇದ್ದಲ್ಲಿ ಅದು ಅಂಧತ್ವ.

(3) ಒಂದು ಕಣ್ಣಿನ ದೃಷ್ಟಿ ಪೂರ್ಣವಾಗಿ ಹೋಗಿದ್ದು, ಇನ್ನೊಂದು ಕಣ್ಣು ಸಹಜವಾಗಿದ್ದಲ್ಲಿ ವಿಕಲತೆಯ ಪ್ರಮಾಣ ಶೇ. 30. ಇದು ಶೇ. 40ರ ಮಿತಿಯನ್ನು ತಲುಪುವುದಿಲ್ಲ.

ಎಂ.ಎಸ್. ಉಳ್ಳ ಅನೇಕರು ಮೇಲ್ಕಂಡ (3)ನೇ ಅಂಶದ ವ್ಯಾಪ್ತಿಗೆ ಬರುತ್ತಾರೆ. ಇಂತಹವರಿಗೆ ನಡಿಗೆ, ಕೈಗಳ ಹಿಡಿತ ಅಥವಾ ಸಮತೋಲನದ ತೊಂದರೆಯೂ ಇದ್ದಲ್ಲಿ ಅದನ್ನೂ ಅದೇ ಅರ್ಜಿಯಲ್ಲಿ ತಿಳಿಸತಕ್ಕದ್ದು. ಒಂದಕ್ಕಿಂತ ಹೆಚ್ಚು ವಿಕಲತೆಗಳಿದ್ದಾಗ ಅವುಗಳನ್ನು ನೇರವಾಗಿ ಕೂಡದೆ, ಮಾರ್ಗಸೂಚಿಯಲ್ಲಿನ ಸೂತ್ರದಂತೆ ಒಗ್ಗೂಡಿಸಿ ಒಟ್ಟು ಪ್ರಮಾಣವನ್ನು ಕಂಡುಹಿಡಿಯಲಾಗುತ್ತದೆ. ಕಣ್ಣಿನ ತೊಂದರೆಯನ್ನು ಮಾತ್ರ ಹೇಳಿ ಉಳಿದುದನ್ನು ಬಿಟ್ಟರೆ ಅರ್ಹತೆಯೇ ಕೈತಪ್ಪಬಹುದು.

ಅಕ್ಷರ ಫಲಕದ ಪರೀಕ್ಷೆಯೊಂದರಿಂದಲೇ ಎಂ.ಎಸ್.ನ ದೃಷ್ಟಿದೋಷ ಪೂರ್ಣವಾಗಿ ತಿಳಿಯುವುದಿಲ್ಲ. ಬೆಳಗಿನ ತಂಪಿನಲ್ಲಿ, ವಿಶ್ರಾಂತಿಯ ನಂತರ ಓದಿದ ಸಾಲನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಓದಲಾಗದೆ ಹೋಗಬಹುದು. ಆದ್ದರಿಂದ ದೃಷ್ಟಿಕ್ಷೇತ್ರ ಪರೀಕ್ಷೆ, ವಿ.ಇ.ಪಿ. ಹಾಗೂ ಎಂ.ಆರ್.ಐ. ವರದಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಮಂಡಳಿಯ ಮುಂದೆ ಹಾಜರುಪಡಿಸುವುದು ಉಪಯುಕ್ತ. ಹೊಸ ದಾಳಿಯ ಅವಧಿಯಲ್ಲಿ ದೃಷ್ಟಿಯ ಮಟ್ಟ ಬದಲಾಗುತ್ತಿರುವುದರಿಂದ, ಚಿಕಿತ್ಸೆ ಮುಗಿದು ಸ್ಥಿತಿ ಸ್ಥಿರವಾದ ನಂತರ ಮೌಲ್ಯಮಾಪನಕ್ಕೆ ಹಾಜರಾಗುವುದು ಒಳ್ಳೆಯದು.

7. ಅರ್ಜಿ ಸಲ್ಲಿಸುವ ವಿಧಾನ

(1) ದಿನಾಂಕ 01-06-2021ರಿಂದ ವಿಕಲತೆಯ ಪ್ರಮಾಣ ಪತ್ರಗಳನ್ನು ಯು.ಡಿ.ಐ.ಡಿ. (ವಿಶಿಷ್ಟ ಗುರುತಿನ ಚೀಟಿ) ಜಾಲತಾಣದ ಮೂಲಕವೇ ನೀಡಲಾಗುತ್ತಿದೆ. ಸ್ವತಃ ಅರ್ಜಿ ಭರ್ತಿ ಮಾಡಲಾಗದವರು ಕುಟುಂಬದವರ ಅಥವಾ ನಗರ ಪುನರ್ವಸತಿ ಕಾರ್ಯಕರ್ತರ ನೆರವನ್ನು ಪಡೆಯಬಹುದು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ.

(2) ಗುರುತಿನ ದಾಖಲೆ, ವಿಳಾಸದ ದಾಖಲೆ, ಇತ್ತೀಚಿನ ಭಾವಚಿತ್ರ ಹಾಗೂ ವೈದ್ಯಕೀಯ ದಾಖಲೆಗಳನ್ನು ಲಗತ್ತಿಸತಕ್ಕದ್ದು.

(3) ನಿಗದಿಪಡಿಸಿದ ದಿನದಂದು ಸೂಚಿಸಲಾದ ಆಸ್ಪತ್ರೆಯಲ್ಲಿ ಮೂಲ ದಾಖಲೆಗಳೊಂದಿಗೆ ಹಾಜರಾಗತಕ್ಕದ್ದು. 2024ರ ತಿದ್ದುಪಡಿ ನಿಯಮಗಳಂತೆ ಪ್ರಮಾಣ ಪತ್ರ ನೀಡಲು ಮೂರು ತಿಂಗಳ ಕಾಲಾವಕಾಶವಿರುತ್ತದೆ.

(4) ವಿಕಲತೆಯ ಪ್ರಮಾಣ ಮುಂದೆ ಬದಲಾಗುವ ಸಾಧ್ಯತೆ ಇದ್ದಲ್ಲಿ ನಿರ್ದಿಷ್ಟ ಅವಧಿಯ ತಾತ್ಕಾಲಿಕ ಪ್ರಮಾಣ ಪತ್ರ ನೀಡಲಾಗುತ್ತದೆ. ಎಂ.ಎಸ್. ಏರಿಳಿತಗಳುಳ್ಳ ಕಾಯಿಲೆಯಾದ ಕಾರಣ ಪ್ರಮಾಣ ಪತ್ರದಲ್ಲಿನ ಅವಧಿಯನ್ನು ಗಮನಿಸಿ, ಅದು ಮುಗಿಯುವ ಮುನ್ನವೇ ನವೀಕರಣಕ್ಕೆ ಅರ್ಜಿ ಸಲ್ಲಿಸತಕ್ಕದ್ದು.

(5) ನಿರ್ಧಾರದ ಬಗ್ಗೆ ಅಸಮಾಧಾನವಿದ್ದಲ್ಲಿ 90 ದಿನಗಳೊಳಗಾಗಿ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಪ್ರಮಾಣ ಪತ್ರವು ದೇಶದಾದ್ಯಂತ ಮಾನ್ಯವಾಗಿರುತ್ತದೆ.

8. ಉದ್ಯೋಗ, ಶಿಕ್ಷಣ ಮತ್ತು ಪ್ರಯಾಣ

ಸೇವೆಯಲ್ಲಿರುವಾಗ ವಿಕಲತೆ ಹೊಂದಿದ ನೌಕರರನ್ನು ಯಾವುದೇ ಸರ್ಕಾರಿ ಸಂಸ್ಥೆಯು ಸೇವೆಯಿಂದ ತೆಗೆದುಹಾಕುವಂತಿಲ್ಲ, ಹಿಂಬಡ್ತಿ ನೀಡುವಂತಿಲ್ಲ ಎಂದು 2016ರ ಅಧಿನಿಯಮದ 20(4)ನೇ ಪ್ರಕರಣ ತಿಳಿಸುತ್ತದೆ. ಹಾಲಿ ಹುದ್ದೆಗೆ ಅವರು ಸೂಕ್ತರಲ್ಲದಿದ್ದಲ್ಲಿ ಅದೇ ವೇತನ ಶ್ರೇಣಿಯ ಬೇರೊಂದು ಹುದ್ದೆಗೆ ಬದಲಾಯಿಸತಕ್ಕದ್ದು. ಅಂತಹ ಹುದ್ದೆ ಇಲ್ಲದಿದ್ದಲ್ಲಿ ಹುದ್ದೆ ದೊರೆಯುವವರೆಗೆ ಅಥವಾ ನಿವೃತ್ತಿಯವರೆಗೆ ಹೆಚ್ಚುವರಿ ಹುದ್ದೆಯಲ್ಲಿ ಇರಿಸತಕ್ಕದ್ದು. ದುಡಿಯುವ ವಯಸ್ಸಿನಲ್ಲಿಯೇ ಎಂ.ಎಸ್. ಬರುವುದರಿಂದ, ದೃಷ್ಟಿ ಕುಂದಿತೆಂದು ಆತುರದಿಂದ ರಾಜೀನಾಮೆ ನೀಡುವ ಮುನ್ನ ನೌಕರರು ಈ ಅವಕಾಶವನ್ನು ತಿಳಿದಿರುವುದು ಅವಶ್ಯಕ.

ಶೇ. 40 ಹಾಗೂ ಅದಕ್ಕಿಂತ ಹೆಚ್ಚಿನ ವಿಕಲತೆಯುಳ್ಳವರಿಗೆ ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5ರಷ್ಟು ಸ್ಥಾನಗಳನ್ನು ಮೀಸಲಿರಿಸಲಾಗಿದೆ. ಪರೀಕ್ಷೆಗಳಲ್ಲಿ ಬರಹಗಾರರ ನೆರವು ಹಾಗೂ ಹೆಚ್ಚುವರಿ ಸಮಯವನ್ನು ಕೋರಿ ಮುಂಚಿತವಾಗಿ ಅರ್ಜಿ ಸಲ್ಲಿಸಬಹುದು. ರಸ್ತೆ ಸಾರಿಗೆ ನಿಗಮದ ರಿಯಾಯಿತಿ ಬಸ್ ಪಾಸ್‌ಗೆ ಸೇವಾ ಸಿಂಧು ಮೂಲಕವೂ, ಮಾಸಾಶನಕ್ಕೆ ನಾಡಕಚೇರಿಯ ಮೂಲಕವೂ ಅರ್ಜಿ ಸಲ್ಲಿಸಬಹುದಾಗಿದೆ.

9. ದೈನಂದಿನ ಜೀವನದಲ್ಲಿ ಅನುಸರಿಸಬಹುದಾದ ಕ್ರಮಗಳು

* ಕಚೇರಿ, ಬ್ಯಾಂಕ್, ಮಾರುಕಟ್ಟೆಯ ಕೆಲಸಗಳನ್ನು ಬೆಳಗಿನ ಹೊತ್ತಿನಲ್ಲಿಯೇ ಮುಗಿಸಿಕೊಳ್ಳುವುದು. ಬಿಸಿಲಿಗೆ ಹೊರಡುವಾಗ ಛತ್ರಿ, ತಣ್ಣೀರು ಹಾಗೂ ಒದ್ದೆ ಬಟ್ಟೆಯನ್ನು ಜೊತೆಯಲ್ಲಿಡುವುದು. ಸ್ನಾನಕ್ಕೆ ಉಗುರುಬೆಚ್ಚಗಿನ ನೀರನ್ನು ಬಳಸುವುದು.
* ಎರಡೆರಡಾಗಿ ಕಾಣುವವರು ವೈದ್ಯರ ಸಲಹೆಯಂತೆ ಒಂದು ಕಣ್ಣಿಗೆ ಮರೆಪಟ್ಟಿ ಅಥವಾ ಪ್ರಿಸಂ ಕನ್ನಡಕವನ್ನು ಬಳಸುವುದು. ಈ ತೊಂದರೆ ಇರುವವರೆಗೆ ವಾಹನ ಚಲಾಯಿಸದಿರುವುದು.
* ಮೆಟ್ಟಿಲುಗಳ ಅಂಚಿಗೆ ಹಳದಿ ಪಟ್ಟಿ ಬಳಿಯುವುದು. ಬಿಳಿ ಅನ್ನವನ್ನು ಗಾಢ ಬಣ್ಣದ ತಟ್ಟೆಯಲ್ಲಿ, ಹಾಲನ್ನು ಬಣ್ಣದ ಲೋಟದಲ್ಲಿ ಬಡಿಸುವುದು. ಮಾತ್ರೆಗಳ ಪಟ್ಟಿಗಳನ್ನು ಬಣ್ಣದಿಂದಲ್ಲದೆ ದೊಡ್ಡ ಅಕ್ಷರದ ಚೀಟಿ ಅಂಟಿಸಿ ಗುರುತಿಸುವುದು.
* ಕನ್ನಡದ ಒತ್ತಕ್ಷರಗಳು ಸಣ್ಣದಾಗಿರುವುದರಿಂದ ಮಂಜಾದ ಕಣ್ಣಿಗೆ ಮೊದಲು ತಪ್ಪಿಹೋಗುತ್ತವೆ. ಮೊಬೈಲ್ ಹಾಗೂ ಗಣಕಯಂತ್ರದಲ್ಲಿ ಅಕ್ಷರದ ಗಾತ್ರವನ್ನು ಹಿಗ್ಗಿಸಿಕೊಳ್ಳುವುದು; ಕನ್ನಡವನ್ನು ಓದಿ ಹೇಳುವ ಟಾಕ್‌ಬ್ಯಾಕ್ ಹಾಗೂ ಉಚಿತವಾಗಿ ದೊರೆಯುವ ಎನ್.ವಿ.ಡಿ.ಎ. ತಂತ್ರಾಂಶವನ್ನು ಬಳಸುವುದು.
* ಆಯಾಸದಿಂದ ದೃಷ್ಟಿ ಕುಂದುವುದು ಸೋಮಾರಿತನವಲ್ಲ ಎಂಬುದನ್ನು ಕುಟುಂಬದವರು ಅರಿಯುವುದು. ದಿನಕ್ಕೊಂದು ರೀತಿ ಇರುವ ಈ ತೊಂದರೆಯನ್ನು ನೆಪವೆಂದು ಭಾವಿಸಬಾರದು.

10. ಹೆಚ್ಚಿನ ಮಾಹಿತಿಗಾಗಿ

ಮೈಸೂರು ಜಿಲ್ಲೆಯ ಅರ್ಜಿದಾರರು ಜಿಲ್ಲಾ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಅಧಿಕಾರಿಗಳ ಕಚೇರಿಯನ್ನು ಸಂಪರ್ಕಿಸುವುದು. ನಗರದ ತಿಲಕ್‌ನಗರದಲ್ಲಿ ಸರ್ಕಾರಿ ಬ್ರೈಲ್ ಮುದ್ರಣಾಲಯವಿದೆ. ಮಾತು ಹಾಗೂ ನುಂಗುವಿಕೆಯ ತೊಂದರೆಯೂ ಇದ್ದಲ್ಲಿ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತಪಾಸಣೆ ಪಡೆಯಬಹುದು. 1985ರಲ್ಲಿ ಸ್ಥಾಪನೆಯಾದ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾದ ಬೆಂಗಳೂರು ಶಾಖೆಯು ಈ ಕಾಯಿಲೆಯುಳ್ಳವರಿಗೆ ಮಾರ್ಗದರ್ಶನ ನೀಡುತ್ತದೆ. ಹಕ್ಕುಗಳ ಉಲ್ಲಂಘನೆಯಾದಲ್ಲಿ ವಿಕಲಚೇತನರ ಅಧಿನಿಯಮದ ರಾಜ್ಯ ಆಯುಕ್ತರಿಗೆ ಲಿಖಿತ ದೂರು ಸಲ್ಲಿಸಬಹುದು.